ಹೈದರಾಬಾದಿನಿಂದ ನಿಜಾಮರು ಓಡಿಸಿದ ಆ ಬಂಗಾಲಿ ಬಾಬು ಯಾರು?

ಆಳಂದದ ಹುಡುಗಿ:
ನಮ್ಮ ಮುತ್ಯಾ ತೀರಿಹೋಗಿ ಮೂರು ವರ್ಷ ಆಯಿತು. ಅವರ ಅಪ್ಪ ತೊಗರಿ ವ್ಯಾಪಾರಕ್ಕೆ ಕಲಬುರಗಿಯಲ್ಲಿ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ ಹೈದರಾಬಾದಿಗೆ ಹೋಗುತ್ತಿದ್ದರಂತೆ. ಅಲ್ಲಿ ಒಮ್ಮೆ ಮೂಕಿ ಸಿನಿಮಾ ನೋಡಿ ಬಂದು, ಕಟ್ಟೆ ಮೇಲೆ ಕೂತು ಊರವರಿಗೆಲ್ಲ ಕಥೆ ಹೇಳಿದರಂತೆ. ಇನ್ನೊಂದು ಸಲ ಹೋದಾಗ "ಆ ಬಂಗಾಲಿ ಬಾಬುನ್ನ ನಿಜಾಮ ಓಡಿಸಿಬಿಟ್ಟಾನ" ಅಂತ ಕೇಳಿಕೊಂಡು ಬಂದರಂತೆ. ಮುತ್ಯಾ ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಆ ಬಾಬು ಯಾರು? ಮನೆಯಲ್ಲಿ ಕೇಳೋಣ ಅಂದರೆ ಈಗ ಯಾರೂ ಇಲ್ಲ.

ಬೀದರ್ ಕೋಟೆ ಓಣಿ:
ತಂಗೀ, ಅವರು ಧೀರೇಂದ್ರನಾಥ ಗಂಗೂಲಿ ಇರಬೇಕು. ಸಿನಿಮಾದವರು ಡಿ.ಜಿ. ಅಂತಲೇ ಕರೆಯುತ್ತಿದ್ದರು. ಹುಟ್ಟಿದ್ದು 1893ರಲ್ಲಿ. ಶಾಂತಿನಿಕೇತನದಲ್ಲಿ ಓದಿ, ಹೈದರಾಬಾದಿನ ಕಲಾ ಶಾಲೆಗೆ ಮೇಷ್ಟ್ರಾಗಿ ಬಂದರು. ವೇಷ ಹಾಕುವುದೆಂದರೆ ಅವರಿಗೆ ಪ್ರಾಣ. ತಾವೇ ಗಂಡಾಗಿ, ಹೆಣ್ಣಾಗಿ, ಮುದುಕನಾಗಿ ಫೋಟೊ ತೆಗೆಸಿಕೊಂಡು ಒಂದು ಪುಸ್ತಕವನ್ನೇ ಮಾಡಿದ್ದರು. 1921ರಲ್ಲಿ ಕಲ್ಕತ್ತಾದಲ್ಲಿ 'ಬಿಲಾತ್ ಫೆರತ್' ಬಂತು. ವಿಲಾಯತಿಗೆ ಹೋಗಿ ಬಂದವನ ಠೀವಿಯನ್ನು ನೋಡಿ ಜನ ನಗುವಂಥ ಚಿತ್ರ. ಅದರಲ್ಲಿ ನಟಿಸಿದವರು ಇವರೇ.

ಮರುವರ್ಷ ಮತ್ತೆ ಹೈದರಾಬಾದಿಗೆ ಬಂದು ಲೋಟಸ್ ಫಿಲ್ಮ್ ಕಂಪನಿ ಕಟ್ಟಿದರು. ನಿಜಾಮರ ಬೆಂಬಲ ಇತ್ತು. ಸ್ಟುಡಿಯೋ ಆಯಿತು, ಎರಡು ಥಿಯೇಟರೂ ಆದವು. 'ಲೇಡಿ ಟೀಚರ್', 'ದಿ ಮ್ಯಾರೇಜ್ ಟಾನಿಕ್' ಅಂತ ಒಂದರ ಹಿಂದೆ ಒಂದು ಚಿತ್ರ ತೆಗೆದರು. ಆಗ ನಮ್ಮ ಬೀದರ್, ನಿಮ್ಮ ಗುಲ್ಬರ್ಗಾ ಎಲ್ಲ ಅದೇ ಸಂಸ್ಥಾನದಲ್ಲಿತ್ತಲ್ವಾ, ನಿಮ್ಮ ಹಿರಿಯರು ಅಲ್ಲಿ ಸಿನಿಮಾ ನೋಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

1924ರಲ್ಲಿ 'ರಜಿಯಾ ಬೇಗಂ' ತೋರಿಸಿದರು. ದಿಲ್ಲಿಯ ರಾಣಿ ರಜಿಯಾ ಒಬ್ಬ ಹಿಂದೂವನ್ನು ಪ್ರೀತಿಸುವ ಕಥೆ. ನಿಜಾಮರಿಗೆ ಸಿಟ್ಟು ಬಂತು. ಊರು ಬಿಡಿ ಅಂತ ಹುಕುಂ ಆಯಿತು.

ನನಗೆ ಸಂಕಟ ಆಗುವುದು ಆ ಎರಡು ಥಿಯೇಟರ್ ನೆನೆದರೆ. ತಾನೇ ತೆಗೆದು ತಾನೇ ತೋರಿಸುವವನಿಗೆ ಥಿಯೇಟರ್ ಅಂದರೆ ಅಂಗಡಿ ಇದ್ದ ಹಾಗೆ. ಎರಡು ವರ್ಷ ಬೆವರು ಸುರಿಸಿ ಕಟ್ಟಿದ್ದನ್ನು ಹಾಗೇ ಬಿಟ್ಟು ಹೊರಡಬೇಕು! ಆದರೂ ಮನುಷ್ಯ ಕೂರಲಿಲ್ಲ. ಕಲ್ಕತ್ತಾದಲ್ಲಿ 1929ರಲ್ಲಿ ಬ್ರಿಟಿಷ್ ಡೊಮಿನಿಯನ್ ಫಿಲ್ಮ್ಸ್ ಶುರು ಮಾಡಿದರು, ಟಾಕಿ ಬಂದ ಮೇಲೂ ಚಿತ್ರ ತೆಗೆದರು. 1975ರಲ್ಲಿ ಫಾಲ್ಕೆ ಪ್ರಶಸ್ತಿ ಬಂತು. 1978ರಲ್ಲಿ ತೀರಿಕೊಂಡರು.

ಆಳಂದದ ಹುಡುಗಿ:
ಅಣ್ಣಾ, ಓದಿ ಕಣ್ಣು ತುಂಬಿತು. ಆ ಹೈದರಾಬಾದಿನ ಚಿತ್ರಗಳು ಯೂಟ್ಯೂಬಿನಲ್ಲಿ ಸಿಗುತ್ತವಾ?

ಹಳೇ ಆಪರೇಟರ್, ಯಾದಗಿರಿ:
ಆಸೆ ಇಟ್ಟುಕೊಳ್ಳಬೇಡಮ್ಮಾ. ನಮ್ಮ ದೇಶದ ಮೂಕಿ ಚಿತ್ರಗಳಲ್ಲಿ ಬಹುಪಾಲು ಹೋಗೇಬಿಟ್ಟಿವೆ. ಆಗಿನದು ನೈಟ್ರೇಟ್ ಫಿಲ್ಮ್. ಒಂದು ಸಲ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿಗೆ ಸಿಗದ ರೀಲನ್ನು ಅದರಲ್ಲಿರುವ ಬೆಳ್ಳಿಗಾಗಿ ಕರಗಿಸಿ ಮಾರಿದವರೂ ಇದ್ದರು.

ನಾನು ಇಪ್ಪತ್ತೆರಡು ವರ್ಷ ಥಿಯೇಟರಿನಲ್ಲಿ ಕಾರ್ಬನ್ ಕಡ್ಡಿ ಉರಿಸಿ ಪರದೆಗೆ ಬೆಳಕು ಬಿಡುವ ಮಷೀನು ನಡೆಸಿದವನು. ಎರಡು ಕಡ್ಡಿ ತುದಿ ಉರಿದು ಸವೆದಂತೆ ಹತ್ತಿರ ತರುತ್ತಲೇ ಇರಬೇಕು, ಮರೆತರೆ ಪರದೆ ಕೆಂಪಾಗಿ ಕತ್ತಲು. ನಮ್ಮದಕ್ಕೆ ಮೋಟರ್ ಇತ್ತು. ಮೂಕಿ ಕಾಲದಲ್ಲಿ ಎಷ್ಟೋ ಕಡೆ ಕೈಯಿಂದಲೇ ಹಿಡಿಕೆ ತಿರುಗಿಸಬೇಕಿತ್ತು. ಸೆಕೆಂಡಿಗೆ ಹದಿನಾರು ಚಿತ್ರದ ಲೆಕ್ಕ ಹಿಡಿದರೆ ಸಾವಿರ ಅಡಿಯ ರೀಲು ಹದಿನಾರು ನಿಮಿಷದ ಮೇಲೆ ಓಡುತ್ತದೆ. ಅಷ್ಟು ಹೊತ್ತೂ ಕೈ ಒಂದೇ ಸಮ ತಿರುಗಬೇಕು. ಜೋರಾದರೆ ಪರದೆ ಮೇಲೆ ನಡೆಯುವವರು ಓಡುತ್ತಾರೆ. ಪರದೆಯಲ್ಲಿ ಬರಹ ಬಂದಾಗ ಓದು ಬಾರದವರಿಗೆ ಒಬ್ಬ ನಿಂತು ಜೋರಾಗಿ ಹೇಳುತ್ತಿದ್ದ.

ಆಳಂದದ ಹುಡುಗಿ:
ಕಾಕಾ, ಒಂದು ಮಾತು. ಮುತ್ಯಾ ಈ ಕಥೆ ಶುರು ಮಾಡುವಾಗ ಪ್ರತಿ ಸಲ ಬಲಗೈ ಮುಷ್ಟಿ ಹಿಡಿದು ಎದೆಯ ಮುಂದೆ ನಿಧಾನಕ್ಕೆ ತಿರುಗಿಸುತ್ತಿದ್ದರು. ಬಾವಿ ನೀರು ಸೇದುವುದನ್ನು ತೋರಿಸ್ತಾರೆ ಅಂದುಕೊಂಡಿದ್ದೆ. ಅವರಪ್ಪ ಕಟ್ಟೆ ಮೇಲೆ ಹಾಗೇ ತಿರುಗಿಸಿ ತೋರಿಸಿದ್ದರೇನೋ. ಈಗಲೇ ಅವ್ವನಿಗೆ ಫೋನ್ ಮಾಡುತ್ತೇನೆ.