ವೇಗ ಸಾಕಷ್ಟಿದೆ, ಆಟ ಮಾತ್ರ ತಡವರಿಸುತ್ತದೆ: ತುಮಕೂರಿನ ಮನೆಗಳಲ್ಲಿ ಏನು ಮಾಡಿ ಸರಿಹೋಯಿತು?

ಪ್ರಶ್ನೆ, ಬಟವಾಡಿಯಿಂದ

ನಮ್ಮದು ಎರಡಂತಸ್ತಿನ ಮನೆ. ರೂಟರ್ ಕೆಳಗೆ ಹಾಲ್‌ನಲ್ಲಿ ಟಿವಿ ಪಕ್ಕದಲ್ಲಿದೆ, ನನ್ನ ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿ. ಫೈಬರ್ ಸಂಪರ್ಕ, 100 ಎಂಬಿಪಿಎಸ್ ಪ್ಲಾನ್. ವೇಗ ಪರೀಕ್ಷಿಸಿದರೆ ಯಾವ ಹೊತ್ತಿನಲ್ಲೂ 80ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆದರೂ ವ್ಯಾಲರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟ ಆಡುವಾಗ ಹಗಲಿನಲ್ಲಿ 30 ಮಿಲಿಸೆಕೆಂಡ್ ಆಸುಪಾಸಿನಲ್ಲಿರುವ ಪಿಂಗ್ (ಮಾಹಿತಿ ಸರ್ವರ್‌ಗೆ ಹೋಗಿ ಬರುವ ಸಮಯ) ಸಂಜೆ ಏಳರ ನಂತರ ಇದ್ದಕ್ಕಿದ್ದಂತೆ 200 ದಾಟಿ ಮತ್ತೆ ಇಳಿಯುತ್ತದೆ. ಎದುರಾಳಿ ಕಂಡನೆಂದು ಗುಂಡು ಹಾರಿಸುವಷ್ಟರಲ್ಲಿ ನಾನೇ ಸತ್ತಿರುತ್ತೇನೆ. ಅದೇ ಹೊತ್ತಿಗೆ ಅಮ್ಮ ಟಿವಿಯಲ್ಲಿ ಧಾರಾವಾಹಿ ನೋಡುತ್ತಿರುತ್ತಾರೆ, ಅಕ್ಕನಿಗೆ ಕಚೇರಿಯ ವಿಡಿಯೊ ಸಭೆ ಇರುತ್ತದೆ. ಕಂಪನಿಯವರು 300ರ ಪ್ಲಾನ್‌ಗೆ ಹೋಗಿ ಎನ್ನುತ್ತಿದ್ದಾರೆ. ದುಡ್ಡು ಕಟ್ಟುವ ಮುಂಚೆ ಅನುಭವವಿರುವವರು ಹೇಳಿ, ಪ್ರಯೋಜನವಾಗುತ್ತದೆಯೇ?

ಎಸ್‌ಐಟಿ ಬಡಾವಣೆಯಿಂದ

ದಯವಿಟ್ಟು ಈಗಲೇ ಪ್ಲಾನ್ ಬದಲಾಯಿಸಬೇಡಿ. ಇಂಥ ಆಟಗಳು ಆಡುವಾಗ 1 ಎಂಬಿಪಿಎಸ್ ಕೂಡ ಪೂರ್ತಿ ಬಳಸುವುದಿಲ್ಲ. ನೀವು ಒತ್ತಿದ ಕೀಲಿ, ತಿರುಗಿಸಿದ ಮೌಸ್ ಇವುಗಳ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಎಡೆಬಿಡದೆ ಹೋಗಿ ಬರುತ್ತಿರುತ್ತದೆ. ವ್ಯಾಲರಂಟ್ ಸರ್ವರ್ ಸೆಕೆಂಡಿಗೆ 128 ಬಾರಿ ಆಟದ ಲೆಕ್ಕ ಹಾಕುತ್ತದೆ. ಪ್ಯಾಕೆಟ್ ಹೊತ್ತಿಗೆ ಸರಿಯಾಗಿ ತಲುಪುವುದೇ ಅಲ್ಲಿ ಮುಖ್ಯ.

ದೂರದ ಭಯವೂ ಬೇಡ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ನಮ್ಮಿಂದ ಬೆಂಗಳೂರಿಗೆ 70 ಕಿಲೋಮೀಟರ್, ಹೋಗಿ ಬರಲು ಒಂದು ಮಿಲಿಸೆಕೆಂಡ್ ಕೂಡ ಬೇಕಿಲ್ಲ. ಮುಂಬೈ ಸರ್ವರ್‌ವರೆಗೆ ಸಾವಿರ ಕಿಲೋಮೀಟರ್ ಕೇಬಲ್ ಇದೆ ಎಂದಿಟ್ಟುಕೊಂಡರೂ 10 ಮಿಲಿಸೆಕೆಂಡ್. ನಡುವಿನ ಉಪಕರಣಗಳು, ಸುತ್ತುದಾರಿ ಎಲ್ಲ ಸೇರಿ 30 ಬರುವುದು ಸಹಜ. ಆಟದ ಸೆಟ್ಟಿಂಗ್‌ನಲ್ಲಿ ಸರ್ವರ್ ಮುಂಬೈ ಎಂದಿದೆಯೇ ನೋಡಿಕೊಳ್ಳಿ. ಸಿಂಗಪುರಕ್ಕೆ ಹೋಗಿದ್ದರೆ ಸಮುದ್ರದಡಿಯ ದಾರಿಗೇ 30ಕ್ಕಿಂತ ಹೆಚ್ಚು ಖರ್ಚಾಗುತ್ತದೆ, ಅದನ್ನು ಯಾವ ರೂಟರೂ ಉಳಿಸಿಕೊಡಲಾರದು.

ತಡ ಎಲ್ಲಿ ಆಗುತ್ತಿದೆ ಎಂಬುದನ್ನು ಮೊದಲು ಪತ್ತೆ ಹಚ್ಚಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ping -t’ (ಪಿಂಗ್ -ಟಿ) ಜೊತೆ ರೂಟರ್ ವಿಳಾಸ ಕೊಡಿ. ಬಹಳ ಮನೆಗಳಲ್ಲಿ ಅದು 192.168.1.1 ಆಗಿರುತ್ತದೆ. ಆಟ ನಡೆಯುತ್ತಿರುವಾಗಲೇ ಆ ಕಿಟಕಿ ಓಡುತ್ತಿರಲಿ. ರೂಟರ್ ನಿಮ್ಮ ಮನೆಯಲ್ಲೇ ಇದೆ, ಉತ್ತರ ಒಂದೆರಡು ಮಿಲಿಸೆಕೆಂಡ್‌ನಲ್ಲಿ ಬರಬೇಕು. 1, 2, 1, 84, 3, 160 ಎಂದು ಕುಣಿಯುತ್ತಿದ್ದರೆ ತೊಂದರೆ ನಿಮ್ಮ ವೈಫೈನಲ್ಲೇ ಇದೆ, ಕಂಪನಿಯವರ ಜೊತೆ ಜಗಳ ಬೇಕಿಲ್ಲ. ಅಲ್ಲಿ ಸ್ಥಿರವಾಗಿದ್ದು ಆಟದಲ್ಲಿ ಮಾತ್ರ ಏರುತ್ತಿದ್ದರೆ ದಾರಿಯಲ್ಲಿನ ಒಂದೊಂದು ಉಪಕರಣವನ್ನೂ ಸಾಲಾಗಿ ತೋರಿಸುವ ‘tracert’ (ಟ್ರೇಸರ್ಟ್) ಹಾಕಿ ಮುಂದಿನ ಸಾಲುಗಳನ್ನು ನೋಡಿ. ನಡುವಿನ ಒಂದು ಸಾಲಿನಲ್ಲಿ ದೊಡ್ಡ ಸಂಖ್ಯೆ ಕಂಡು, ಅದರ ನಂತರದ ಸಾಲುಗಳೆಲ್ಲ ಚಿಕ್ಕದಾಗಿದ್ದರೆ ಅದನ್ನು ಬಿಟ್ಟುಬಿಡಿ. ಆ ಉಪಕರಣ ನಿಮ್ಮ ಪಿಂಗ್‌ಗೆ ಉತ್ತರಿಸಲು ತಡಮಾಡಿದೆ ಅಷ್ಟೇ, ಪ್ಯಾಕೆಟ್‌ಗಳನ್ನು ಮುಂದೆ ಕಳಿಸುವುದರಲ್ಲಿ ಅಲ್ಲ.

ನನ್ನ ಊಹೆ ಹೇಳುವುದಾದರೆ, ಆರ್‌ಸಿಸಿ ತಾರಸಿ ದಾಟಿ ಬರುವ ವೈಫೈ ಮೇಲೆ ನೀವು ಆಡುತ್ತಿದ್ದೀರಿ. ಮಹಡಿಗೆ ಕೇಬಲ್ ಎಳೆಸಿ. ನಮ್ಮ ಕಡೆಯ ಬಹಳ ಮನೆಗಳಲ್ಲಿ ಡಿಶ್ ವೈರ್‌ಗೆಂದು ತಾರಸಿಯಿಂದ ಹಾಲ್‌ವರೆಗೆ ಗೋಡೆಯೊಳಗೆ ಪೈಪ್ ಬಿಟ್ಟಿರುತ್ತಾರೆ. ನಾವು ಅದರಲ್ಲೇ ಎಳೆಸಿದೆವು, ಗೋಡೆ ಒಡೆಯುವ ಪ್ರಮೇಯವೇ ಬರಲಿಲ್ಲ. ಕ್ಯಾಟ್ 6 ಕೇಬಲ್ ತೆಗೆದುಕೊಳ್ಳಿ, ಒಳಗಿನ ತಂತಿ ಪೂರ್ತಿ ತಾಮ್ರದ್ದೇ ಎಂದು ಕೇಳಿ. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಮಾಲು ಅಂಗಡಿಗಳಲ್ಲಿ ಸಿಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಿಯ ಬಣ್ಣ ಕಾಣುತ್ತದೆ. ಬೇಡವೇ ಬೇಡ, ಬಾಗಿದ ಕಡೆ ಬೇಗ ಮುರಿಯುತ್ತದೆ. ಮನೆಯೊಳಗೆ ವಿದ್ಯುತ್ ವೈರ್ ಇರುವ ಪೈಪಿಗೆ ಮಾತ್ರ ಇದನ್ನು ತುರುಕಬೇಡಿ.

ಕ್ಯಾತಸಂದ್ರದಿಂದ

ಕೇಬಲ್‌ಗೆ ನನ್ನದೂ ಸಹಮತ. ಆದರೆ ಬಾಡಿಗೆ ಮನೆಯವರ ಪಾಡು ಬೇರೆ. ಮಾಲೀಕರು ಒಂದು ಮೊಳೆ ಹೊಡೆಯಲೂ ಬಿಡದಿದ್ದರೆ ರೂಟರನ್ನು ಟಿವಿ ಹಿಂಭಾಗದಿಂದ ತೆಗೆದು ಎತ್ತರದಲ್ಲಿ, ಮೆಟ್ಟಿಲಿನ ಬಳಿ ಇಡಿ. ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್ ಇರುತ್ತವೆ, ಕಂಪ್ಯೂಟರ್ 5ರಲ್ಲಿ ಸೇರಿಕೊಳ್ಳಲಿ. ಅದು ಗೋಡೆ ದಾಟುವುದರಲ್ಲಿ ಸೋಲುತ್ತದೆ, ಆದರೆ ಅಕ್ಕಪಕ್ಕದವರ ಗದ್ದಲ ಅದರಲ್ಲಿ ಕಡಿಮೆ. 2.4ರಲ್ಲೇ ಇರಬೇಕಾದರೆ ಚಾನಲ್ 1, 6, 11 ಈ ಮೂರರಲ್ಲಿ ಯಾವುದು ಖಾಲಿ ಇದೆಯೋ ಅದನ್ನು ಆರಿಸಿ, ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಮೈಕ್ರೋವೇವ್ ಒಲೆಯೂ ಅದೇ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ, ಹಾಗಾಗಿ ಅಡುಗೆಮನೆಯಿಂದ ದೂರವಿಡಿ.

ಜಯನಗರದಿಂದ

‘ಸಂಜೆ ಏಳರ ನಂತರ’ ಎಂಬ ಮಾತನ್ನು ಎಲ್ಲರೂ ದಾಟಿಹೋಗುತ್ತಿದ್ದೀರಿ. ನನಗೆ ಅದೇ ಮುಖ್ಯವಾಗಿ ಕಂಡಿತು. ಆ ಹೊತ್ತಿಗೆ ಅಕ್ಕನ ವಿಡಿಯೊ ಸಭೆ, ಅಮ್ಮನ ಧಾರಾವಾಹಿ ಎರಡೂ ಶುರುವಾಗುತ್ತವೆ. ಜೊತೆಗೆ ಯಾರದೋ ಮೊಬೈಲ್ ಆ ದಿನದ ಫೋಟೊಗಳನ್ನೆಲ್ಲ ಅಪ್‌ಲೋಡ್ ಮಾಡುತ್ತಿರುತ್ತದೆ. ರೂಟರ್ ಅಷ್ಟನ್ನೂ ತನ್ನ ನೆನಪಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ, ಆಟದ ಪುಟ್ಟ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಹಬ್ಬದ ಹಿಂದಿನ ಸಂಜೆ ಕ್ಯಾತಸಂದ್ರ ಟೋಲ್‌ನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡ ಕಾರಿನ ಸ್ಥಿತಿ ಅದು. ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ವೇಗ ಪರೀಕ್ಷೆಯಲ್ಲಿ 100 ಬರುತ್ತಿದ್ದರೂ ಆಟ ಹಾಳಾಗುವುದಕ್ಕೆ ಇದೇ ದೊಡ್ಡ ಕಾರಣ.

ಖಚಿತಪಡಿಸಿಕೊಳ್ಳುವುದು ಸುಲಭ. ಹೊರಗಿನ ಒಂದು ವಿಳಾಸಕ್ಕೆ, ಗೂಗಲ್‌ನ 8.8.8.8 ಆದೀತು, ಪಿಂಗ್ ಓಡಿಸುತ್ತಲೇ ಮೊಬೈಲ್‌ನಿಂದ ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್ ಮಾಡಿ. 15 ಇದ್ದದ್ದು 150 ಆಯಿತೆಂದರೆ ಕಾಯಿಲೆ ಸಿಕ್ಕಿತು.

ಪರಿಹಾರ ರೂಟರ್‌ನ ಎಸ್‌ಕ್ಯುಎಂ ಎಂಬ, ಈ ಸಾಲನ್ನು ಬೆಳೆಯಲು ಬಿಡದೆ ನಿಭಾಯಿಸುವ ಸೌಲಭ್ಯದಲ್ಲಿದೆ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕಬಹುದಾದ ರೂಟರ್‌ಗಳಲ್ಲಿ ಇದು ಉಚಿತವಾಗಿ ಸಿಗುತ್ತದೆ, ‘ಕೇಕ್’ ಅಥವಾ ‘ಎಫ್‌ಕ್ಯು-ಕೋಡೆಲ್’ ಎಂಬ ಆಯ್ಕೆ ಇರುತ್ತದೆ. ನಿಮ್ಮ ನಿಜವಾದ ವೇಗದ ಶೇಕಡಾ 85ರಿಂದ 90ರಷ್ಟನ್ನು ಮಿತಿಯಾಗಿ ಕೊಡಬೇಕು. ಹತ್ತು ಎಂಬಿಪಿಎಸ್ ಬಿಟ್ಟುಕೊಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಸಾಲು ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯಲ್ಲಿ ಬೆಳೆಯದೆ ನಿಮ್ಮ ಹಿಡಿತದಲ್ಲಿ ಉಳಿಯುವುದು ಆ ಹತ್ತರಿಂದಲೇ. ಮನೆಯ ಎಲ್ಲ ಸಾಧನಗಳೂ ಈ ರೂಟರ್ ಮೂಲಕವೇ ಹೋಗಬೇಕು. ಕಂಪನಿಯ ಪೆಟ್ಟಿಗೆಯ ವೈಫೈಗೆ ಟಿವಿ ಅಂಟಿಕೊಂಡಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ಮಾಹಿತಿಯನ್ನು ನಿಮ್ಮ ರೂಟರ್‌ಗೆ ದಾಟಿಸುವುದಷ್ಟೇ ಅದರ ಕೆಲಸವಾಗುವಂತೆ) ಹಾಕಿಕೊಡಿ ಎಂದು ಕೇಳಿ, ರೂಟರ್ ಕಂಪನಿಯ ಜಾಲಕ್ಕೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ.

ಹೊಸ ರೂಟರ್ ಈಗ ಬೇಡವೆಂದರೆ ಫೋಟೊ ಬ್ಯಾಕಪ್ ರಾತ್ರಿ ಹನ್ನೊಂದರ ಮೇಲೆ ನಡೆಯುವಂತೆ ಮಾಡಿ. ಆಟಗಳನ್ನು ಇಳಿಸಿಕೊಳ್ಳುವ ಸ್ಟೀಮ್ ಆ್ಯಪ್‌ನಲ್ಲಿ ಡೌನ್‌ಲೋಡ್ ವೇಗಕ್ಕೆ ಮಿತಿ ಹಾಕಬಹುದು, ಅದನ್ನೂ ಹಾಕಿ. ‘ಗೇಮಿಂಗ್’ ಎಂಬ ಹಣೆಪಟ್ಟಿಯ, ಎಂಟು ಆಂಟೆನಾದ ರೂಟರ್‌ಗೆ ಹಣ ಸುರಿಯಬೇಡಿ. ಡಿಎನ್‌ಎಸ್ ಬದಲಾಯಿಸಿದರೆ ಪಿಂಗ್ ಇಳಿಯುತ್ತದೆ ಎನ್ನುವವರ ಮಾತನ್ನೂ ನಂಬಬೇಡಿ. ಡಿಎನ್‌ಎಸ್ ಹೆಸರಿನಿಂದ ವಿಳಾಸ ಹುಡುಕಿಕೊಡುತ್ತದೆ, ಆಟ ಶುರುವಾದ ಮೇಲೆ ಅದರ ಪಾತ್ರವಿಲ್ಲ.

ತಿಪಟೂರಿನಿಂದ

ಪ್ಲಾನ್ ಏರಿಸಲೇಬೇಡಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಹಳೆಯ ಪ್ಲಾನ್‌ನಲ್ಲಿ ಡೌನ್‌ಲೋಡ್ 50 ಇದ್ದರೂ ಅಪ್‌ಲೋಡ್ 5 ಮಾತ್ರ ಇತ್ತು. ಮನೆಯಲ್ಲಿ ಒಬ್ಬರು ವಿಡಿಯೊ ಸಭೆಗೆ ಕುಳಿತರೆ ಅದರಲ್ಲಿ ಅರ್ಧಕ್ಕರ್ಧ ಹೋಗುತ್ತಿತ್ತು. ಎರಡೂ ದಿಕ್ಕಿಗೆ ಸಮಾನ ವೇಗ ಕೊಡುವ ಪ್ಲಾನ್‌ಗೆ ಹೋದ ಮೇಲೆ ನೆಮ್ಮದಿಯಾಯಿತು. ಮೊದಲು ನಿಮ್ಮ ಅಪ್‌ಲೋಡ್ ಎಷ್ಟಿದೆ ನೋಡಿ, ಆಮೇಲೆ ತೀರ್ಮಾನಿಸಿ.

ಸಿರಾ ಗೇಟ್‌ನಿಂದ

ನಾನು ಫೈಬರ್ ಎಳೆಯುವ ಕೆಲಸದಲ್ಲಿರುವವನು. ಎಲ್ಲರೂ ಮನೆಯೊಳಗಿನದನ್ನೇ ಹೇಳಿದ್ದೀರಿ, ಮನೆಯ ಹೊರಗಿನದು ಸ್ವಲ್ಪ ಕೇಳಿ. ಫೈಬರ್ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಅಥವಾ ಆರ್‌ಎಕ್ಸ್ ಪವರ್ ಎಂಬ ಸಂಖ್ಯೆ ಇರುತ್ತದೆ, ಡಿಬಿಎಂ ಲೆಕ್ಕದಲ್ಲಿ. ಮನೆಗೆ ತಲುಪುವ ಬೆಳಕಿನ ಬಲ ಅದು. ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ಚಿಂತೆಯಿಲ್ಲ. ಮೈನಸ್ 27ರ ಹತ್ತಿರ ಬಂದಿದ್ದರೆ ಬೆಳಕು ಸೊರಗಿದೆ ಎಂದರ್ಥ, ಪ್ಯಾಕೆಟ್ ಕಳೆದುಹೋಗಲು ಶುರುವಾಗುತ್ತದೆ. ಕೆಂಪು ದೀಪ ಹೊತ್ತುವವರೆಗೆ ಕಾಯಬೇಡಿ.

ಕಾರಣ ಬಹುಪಾಲು ಕಣ್ಣಿಗೆ ಕಾಣುವಂಥದೇ. ತೆಂಗಿನ ಗರಿ ಬಿದ್ದು ಕಂಬದ ಬಳಿ ತಂತಿ ಮಡಿಚಿಕೊಂಡಿರುತ್ತದೆ, ರಸ್ತೆ ಅಗೆದಾಗ ತುಂಡಾಗಿ ಆತುರದಲ್ಲಿ ಜೋಡಿಸಿರುತ್ತಾರೆ. ಇಲ್ಲವೇ ಸೋಫಾ ಸರಿಸುವಾಗ ಗೋಡೆ ಮೂಲೆಯಲ್ಲಿ ಹಳದಿ ಎಳೆ ಚೂಪಾಗಿ ಬಾಗಿರುತ್ತದೆ. ಒಂದು ಮನೆಯಲ್ಲಿ ಹಸಿರು ತುದಿಯ ಕನೆಕ್ಟರನ್ನು ನೀಲಿ ತುದಿಯದಕ್ಕೆ ಸೇರಿಸಿದ್ದರು. ಹಸಿರಿನ ಮುಖ ಓರೆಯಾಗಿ ಉಜ್ಜಿರುತ್ತದೆ, ನೀಲಿಯದು ಹಾಗಲ್ಲ. ಎರಡು ಮುಖ ಸರಿಯಾಗಿ ಕೂಡದೆ ಬೆಳಕು ನಷ್ಟವಾಗುತ್ತಿತ್ತು. ಕನೆಕ್ಟರ್ ಬದಲಿಸಿದೆವು, ಪವರ್ ಏರಿತು. ದೂರು ಕೊಡುವಾಗ ‘ನೆಟ್ ನಿಧಾನ’ ಎನ್ನಬೇಡಿ, ‘ಪವರ್ ಮೈನಸ್ 27 ಇದೆ’ ಎನ್ನಿ. ಲೈನ್‌ಮ್ಯಾನ್ ಎಳೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಹಿಡಿದೇ ಬರುತ್ತಾನೆ.

ಗುಬ್ಬಿಯಿಂದ

ಕರೆಂಟ್ ವಿಷಯ ಯಾರೂ ಎತ್ತಲಿಲ್ಲ. ಬೇಸಿಗೆಯಲ್ಲಿ ಬೆಸ್ಕಾಂ ಕ್ಷಣಕಾಲ ಕೈಕೊಟ್ಟರೂ ರೂಟರ್ ಮತ್ತೆ ಎದ್ದು ಕೂರಲು ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. 12 ವೋಲ್ಟ್‌ನ ಪುಟ್ಟ ಡಿಸಿ ಯುಪಿಎಸ್ ಸಿಗುತ್ತದೆ, ಫೈಬರ್ ಪೆಟ್ಟಿಗೆಗೂ ರೂಟರ್‌ಗೂ ಕೊಡಿ. ಕೊಳ್ಳುವ ಮುಂಚೆ ಎರಡರ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಓದಿಕೊಳ್ಳಿ. ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಕಂಪ್ಯೂಟರ್‌ಗಾಗಿ ಅದನ್ನು ಹಾಕಿಡಿ. ಇನ್ನೂ ಕಂಬದಿಂದ ತಾಮ್ರದ ಕೇಬಲ್ ಎಳೆದುಕೊಂಡಿರುವವರು ಗುಡುಗು ಮಿಂಚು ಶುರುವಾದಾಗ ಅದನ್ನು ಕಳಚಿಡಲೇಬೇಕು. ನಮ್ಮ ಬೀದಿಯಲ್ಲಿ ಒಂದೇ ಮಳೆಗೆ ಹಲವು ಮನೆಗಳ ಲ್ಯಾನ್ ಪೋರ್ಟ್ ಸುಟ್ಟಿದ್ದವು.

ಬಟವಾಡಿಯಿಂದ ಮತ್ತೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ರೂಟರ್‌ಗೆ ಪಿಂಗ್ ಹಾಕಿದಾಗ ಎಸ್‌ಐಟಿ ಬಡಾವಣೆಯವರು ಬರೆದ ಹಾಗೆಯೇ ಸಂಖ್ಯೆಗಳು ಕುಣಿದವು. ಡಿಶ್ ಪೈಪಿನಲ್ಲಿ ಕೇಬಲ್ ಎಳೆಸಿದೆವು, ಈಗ ಅಲ್ಲಿ ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ. ಅಕ್ಕ ಸಭೆಯಲ್ಲಿ ದೊಡ್ಡ ಕಡತ ಕಳಿಸುವಾಗ ಮಾತ್ರ ಆಟದ ಪಿಂಗ್ ಇನ್ನೂ 90ಕ್ಕೆ ಏರುತ್ತದೆ, ಎಸ್‌ಕ್ಯುಎಂ ಇರುವ ರೂಟರ್ ನೋಡುತ್ತಿದ್ದೇನೆ. ಆಪ್ಟಿಕಲ್ ಪವರ್ ಮೈನಸ್ 21 ಇದೆ. 300ರ ಪ್ಲಾನ್ ಬೇಡವೆಂದು ಹೇಳಿದೆ. ಇನ್ನೊಂದು ಮಾತು: ಗೆಳೆಯರಿಗಾಗಿ ನನ್ನ ಕಂಪ್ಯೂಟರ್‌ನಲ್ಲೇ ಮೈನ್‌ಕ್ರಾಫ್ಟ್ ಸರ್ವರ್ ತೆರೆದರೆ ಹೊರಗಿನವರಿಗೆ ಸೇರಲು ಆಗುತ್ತಿಲ್ಲ. ಹೊರಗಿನ ಸಂಪರ್ಕವನ್ನು ರೂಟರ್ ನನ್ನ ಕಂಪ್ಯೂಟರ್‌ಗೆ ದಾಟಿಸುವಂತೆ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದಾಗಿದೆ.

ಜಯನಗರದಿಂದ

ರೂಟರ್‌ನ ಪುಟದಲ್ಲಿ ‘ವ್ಯಾನ್ ಐಪಿ’ ನೋಡಿ, ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ವಿಳಾಸ ಅದು. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ಕಂಪನಿಯವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಆಗ ನಿಮ್ಮ ಕಡೆ ಪೋರ್ಟ್ ತೆರೆದು ಫಲವಿಲ್ಲ. ನಿಮಗೂ ಗೆಳೆಯರಿಗೂ ಐಪಿವಿ6 (ಹೀಗೆ ಹಂಚಿಕೊಳ್ಳಬೇಕಿಲ್ಲದ ಹೊಸ ಬಗೆಯ ವಿಳಾಸ) ಇದ್ದರೆ ರೂಟರ್‌ನ ಫೈರ್‌ವಾಲ್‌ನಲ್ಲಿ ಆ ಪೋರ್ಟ್‌ಗೆ ಅನುಮತಿ ಕೊಟ್ಟು ಅದರಲ್ಲೇ ಸೇರಿಕೊಳ್ಳಬಹುದು, ಖರ್ಚಿಲ್ಲ. ಇಲ್ಲವಾದರೆ ನಿಮಗೇ ಮೀಸಲಾದ ಸ್ಟಾಟಿಕ್ ಐಪಿ ಕೇಳಿ, ಅದಕ್ಕೆ ಪ್ರತ್ಯೇಕ ಶುಲ್ಕ ಇರುತ್ತದೆ. ಬರಿಯ ವ್ಯಾಲರಂಟ್ ಆಡುವುದಕ್ಕೆ ಅದರ ಅಗತ್ಯವಿಲ್ಲ.