ಅಡಿಕೆ ತೋಟಗಳ ಸಮೀಕ್ಷೆಯ ದತ್ತಾಂಶ: ಪ್ರತಿ ತಿದ್ದುಪಡಿಗೂ ದಾಖಲೆ ಉಳಿಯುವಂತೆ ಶುದ್ಧಗೊಳಿಸುವುದು ಹೇಗೆ?

ಪ್ರಶ್ನೆ (ಬದಿಯಡ್ಕದ ಸಂಶೋಧನಾ ವಿದ್ಯಾರ್ಥಿನಿ)

ಮಾನ್ಯರೇ, ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕೆಲವು ಪಂಚಾಯತುಗಳಲ್ಲಿ ಅಡಿಕೆ ಕೃಷಿಕರ ಮನೆಗಳಿಗೆ ಹೋಗಿ ಸಂಗ್ರಹಿಸಿದ ದತ್ತಾಂಶ ನನ್ನಲ್ಲಿದೆ. ಕಾಗದದ ನಮೂನೆಗಳನ್ನು ಬೇರೆ ಬೇರೆಯವರು ಎಕ್ಸೆಲ್‌ನಲ್ಲಿ ತುಂಬಿರುವುದರಿಂದ ಎಣ್ಮಕಜೆ ಎಂಬ ಊರು ಎನ್ಮಕಜೆ ಎಂದೂ, ಮಂಜೇಶ್ವರವು ಮಂಜೇಶ್ವರಂ ಎಂದೂ ದಾಖಲಾಗಿದೆ. ತೋಟದ ವಿಸ್ತೀರ್ಣ ಕೆಲವೆಡೆ ಎಕರೆಯಲ್ಲಿದ್ದರೆ ಕೆಲವೆಡೆ ಸೆಂಟ್ಸಿನಲ್ಲಿದೆ. ಅದೇ ಕಾಲಮ್ಮಿನಲ್ಲಿ 18264ರಂತಹ ಅರ್ಥವಾಗದ ಸಂಖ್ಯೆಗಳೂ ಇವೆ. ಉತ್ತರ ಸಿಗದ ಕಡೆ ಒಬ್ಬರು ಖಾಲಿ ಬಿಟ್ಟಿದ್ದಾರೆ, ಇನ್ನೊಬ್ಬರು 99 ಎಂದು, ಮತ್ತೊಬ್ಬರು 0 ಎಂದು ಬರೆದಿದ್ದಾರೆ. ನನಗೆ ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ಸಾಮಾನ್ಯ ಬಳಕೆ ಗೊತ್ತಿದೆ. ನನ್ನ ಮಾರ್ಗದರ್ಶಕರು ಅಂತಹುದೇ ಇನ್ನೊಂದು ತಂತ್ರಾಂಶವಾದ ಸ್ಟೇಟಾ ಬಳಸುತ್ತಾರೆ. ಯಾವ ಅಂಕಿಯನ್ನು ಏಕೆ ಬದಲಿಸಲಾಯಿತು ಎಂದು ಅವರು ಕೇಳಿದರೆ ಒಂದೊಂದಕ್ಕೂ ಆಧಾರ ತೋರಿಸುವಂತೆ ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ (ಕುಂಬಳೆಯ ಸಂಖ್ಯಾಶಾಸ್ತ್ರ ಅಧ್ಯಾಪಕ)

ಮೂಲ ಎಕ್ಸೆಲ್ ಕಡತವನ್ನು ಪ್ರತ್ಯೇಕ ಫೋಲ್ಡರಿನಲ್ಲಿಟ್ಟು, ಓದಲು ಮಾತ್ರ ಅನುಮತಿ ಇರುವಂತೆ ಮಾಡಿ, ಇನ್ನು ಮುಂದೆ ಅದರ ಒಂದು ಸೆಲ್ಲನ್ನೂ ಮುಟ್ಟಬೇಡಿ. ಆರ್‌ಗೆ ಎಲ್ಲ ಕಾಲಮ್ಮುಗಳನ್ನೂ ಮೊದಲು ಪಠ್ಯವಾಗಿಯೇ ಓದಿಸಿಕೊಳ್ಳಿ. ಸಂಖ್ಯೆಗಳಾಗಿ ಪರಿವರ್ತಿಸುವ ಕೆಲಸ ಆಮೇಲೆ ನಿಮ್ಮ ಸ್ಕ್ರಿಪ್ಟಿನಲ್ಲಿ (ಆರ್‌ಗೆ ಬರೆದಿಟ್ಟ ಆದೇಶಗಳ ಕಡತದಲ್ಲಿ), ನಿಮ್ಮ ಕಣ್ಣೆದುರಿಗೇ ನಡೆಯಲಿ.

ಒಂದೊಂದೇ ಸೆಲ್ಲಿನ ತಪ್ಪುಗಳಿಗಾಗಿ ತಿದ್ದುಪಡಿಗಳ ಕೋಷ್ಟಕವೊಂದನ್ನು ಬೇರೆಯಾಗಿ ಇಡಬೇಕು. ಅದರ ಪ್ರತಿ ಸಾಲಿನಲ್ಲಿ ನಮೂನೆಯ ಕ್ರಮಸಂಖ್ಯೆ, ಕಾಲಮ್ಮಿನ ಹೆಸರು, ಹಳೆಯ ಮೌಲ್ಯ, ಹೊಸ ಮೌಲ್ಯ, ಕಾರಣ, ತಿದ್ದಿದವರ ಹೆಸರು ಮತ್ತು ದಿನಾಂಕ ಇರಲಿ. ಸ್ಕ್ರಿಪ್ಟು ಈ ಕೋಷ್ಟಕವನ್ನು ಓದಿ ತಿದ್ದುಪಡಿಗಳನ್ನು ಅನ್ವಯಿಸುತ್ತದೆ. ಆದರೆ ಬದಲಿಸುವ ಮುನ್ನ, ಮೂಲದಲ್ಲಿ ಇರುವುದು ಕೋಷ್ಟಕದಲ್ಲಿ ಬರೆದ ಹಳೆಯ ಮೌಲ್ಯವೇ ಎಂದು ಅದು ಪರೀಕ್ಷಿಸಬೇಕು. ಹೊಂದದಿದ್ದರೆ ಅಲ್ಲಿಯೇ ನಿಲ್ಲಬೇಕು. ಈ ಒಂದು ಪರೀಕ್ಷೆಯನ್ನು ಬಿಟ್ಟರೆ, ಯಾರಾದರೂ ಮೂಲ ಕಡತವನ್ನು ಪುನಃ ಕಳುಹಿಸಿದಾಗ ತಿದ್ದುಪಡಿಗಳು ತಪ್ಪಾದ ಸಾಲಿಗೆ ಸದ್ದಿಲ್ಲದೆ ಹೋಗಿ ಕೂರುತ್ತವೆ. ಕೊನೆಗೆ ಮೂಲ ಮತ್ತು ಶುದ್ಧ ಆವೃತ್ತಿಗಳನ್ನು ಆರ್‌ಗೆ ಸೇರಿಸಿಕೊಳ್ಳುವ ಆರ್ಸೆನಲ್ ಎಂಬ ಪ್ಯಾಕೇಜಿನ ಹೋಲಿಕೆಯ ಕಮಾಂಡಿನಿಂದ ಎದುರುಬದುರಿಟ್ಟು ನೋಡಿ. ಅಲ್ಲಿ ಕಾಣುವ ಪ್ರತಿ ವ್ಯತ್ಯಾಸಕ್ಕೂ ಕೋಷ್ಟಕದಲ್ಲಾಗಲಿ ಸ್ಕ್ರಿಪ್ಟಿನಲ್ಲಾಗಲಿ ಕಾರಣ ಸಿಗಬೇಕು.

18264ರ ವಿಚಾರ. 1 ಎಕರೆ 50 ಸೆಂಟ್ಸನ್ನು ಯಾರೋ ನಮ್ಮ ರೂಢಿಯಂತೆ 1-50 ಎಂದು ಬರೆದಿದ್ದಾರೆ. ಎಕ್ಸೆಲ್ ಅದನ್ನು 1950ರ ಜನವರಿ ಎಂದು ತಿಳಿದು, 1900ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಉಳಿಸಿಕೊಂಡಿದೆ. 1950ರ ಜನವರಿ 1ಕ್ಕೆ ಸಿಗುವ ಸಂಖ್ಯೆ 18264. ಆದ್ದರಿಂದ ಇದನ್ನು ಹಿಂದಕ್ಕೆ ಪಡೆಯಲು ಸಾಧ್ಯ. ಆದರೆ 1-10 ಎಂದು ಬರೆದಿದ್ದರೆ ನಮ್ಮ ಕಡೆಯ ದಿನಾಂಕ ಕ್ರಮದಲ್ಲಿ ಅದು ಅಕ್ಟೋಬರ್ 1 ಆಗಿ, ಎಕ್ಸೆಲ್‌ನಲ್ಲಿ ತುಂಬಿದ ವರ್ಷವೂ ಅದಕ್ಕೆ ಸೇರಿಕೊಳ್ಳುತ್ತದೆ. ಅದಕ್ಕೆ ಬೇರೆಯೇ ನಿಯಮ ಬೇಕು. 0-75 ಮಾತ್ರ ದಿನಾಂಕವಾಗಲಾರದೆ ಪಠ್ಯವಾಗಿಯೇ ಉಳಿದಿರುತ್ತದೆ. ಹೀಗೆ ಒಂದೇ ಕಾಲಮ್ಮಿನಲ್ಲಿ ಮೂರು ಬಗೆಯ ಬರಹ ಇರುವುದರಿಂದ, ಒಂದೇ ಸೂತ್ರ ಹಾಕಿ ಇಡೀ ಕಾಲಮ್ಮನ್ನು ಪರಿವರ್ತಿಸಬೇಡಿ. ಎಕ್ಸೆಲ್‌ನ ಈ ಸ್ವಭಾವದ ದೆಸೆಯಿಂದ ಮಾನವ ಜೀನ್‌ಗಳ ನಾಮಕರಣ ಸಮಿತಿಯೇ ಕೆಲವು ಜೀನ್‌ಗಳ ಹೆಸರನ್ನು ಬದಲಾಯಿಸಿದ್ದನ್ನು 2020ರಲ್ಲಿ ಪ್ರಕಟಿಸಿತ್ತು.

99ರ ಬಗ್ಗೆಯೂ ಎಚ್ಚರ ಅಗತ್ಯ. ವಿಸ್ತೀರ್ಣದ ಕಾಲಮ್ಮಿನಲ್ಲಿ 99 ಸೆಂಟ್ಸ್ ಎಂಬುದು ನಿಜವಾದ ಅಳತೆಯೇ ಆಗಿರಬಹುದು. ಇಳುವರಿಯ 0 ಕೂಡ ಹಾಗೆಯೇ. ಫಸಲು ಆರಂಭವಾಗದ ಎಳೆಯ ತೋಟಕ್ಕೆ ಅದು ಸರಿಯಾದ ಉತ್ತರ. ನೆಟ್ಟ ವರ್ಷದ ಕಾಲಮ್ಮಿನೊಂದಿಗೆ ತಾಳೆ ನೋಡಿಯೇ ತೀರ್ಮಾನಿಸಿ.

ಉತ್ತರ (ಮುಳ್ಳೇರಿಯದ ಓದುಗ)

ಊರ ಹೆಸರುಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ಕಾಸರಗೋಡು’ಗಳು ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಆರ್‌ನ ಸ್ಟ್ರಿಂಗೈ ಪ್ಯಾಕೇಜಿನಲ್ಲಿರುವ ಎನ್‌ಎಫ್‌ಸಿ ಪರಿವರ್ತನೆ ಇವನ್ನು ಒಂದೇ ರೂಪಕ್ಕೆ ತರುತ್ತದೆ. ಆದರೆ ಅಡಿಕೆ ತಳಿ ‘ಮೋಹಿತ್‌ನಗರ’ದ ನಡುವೆ ಬರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರವನ್ನು ಅದು ತೆಗೆಯುವುದಿಲ್ಲ, ಹೋಲಿಕೆಗೆಂದು ಬೇರೊಂದು ಕಾಲಮ್ಮು ಮಾಡಿ ಅದರಲ್ಲಿ ಮಾತ್ರ ತೆಗೆಯಿರಿ.

ಎಣ್ಮಕಜೆ, ಎನ್ಮಕಜೆಗಳಂತಹ ಜೋಡಿಗಳನ್ನು ಹುಡುಕಲು ದತ್ತಾಂಶ ಶುದ್ಧಗೊಳಿಸುವ ತಂತ್ರಾಂಶವಾದ ಓಪನ್‌ರಿಫೈನ್ ಅನುಕೂಲಕರ. ಅದು ಮಾಡಿದ ಕ್ರಿಯೆಗಳ ಚರಿತ್ರೆಯನ್ನು ಕಡತವಾಗಿ ಹೊರತೆಗೆಯಬಹುದು; ಆದರೆ ಒಂದು ಸೆಲ್ಲನ್ನು ಕೈಯಿಂದ ತಿದ್ದಿದ್ದು ಆ ಕಡತಕ್ಕೆ ಬರುವುದಿಲ್ಲ. ಹಾಗಾಗಿ ಜೋಡಿಗಳನ್ನು ಅಲ್ಲಿ ಪತ್ತೆಹಚ್ಚಿ, ಯಾವ ರೂಪ ಯಾವ ರೂಪಕ್ಕೆ ಎಂಬ ಪಟ್ಟಿಯನ್ನು ಆರ್‌ನ ಸ್ಕ್ರಿಪ್ಟಿಗೆ ಕೊಡುವುದು ಲೇಸು.

ಉತ್ತರ (ಹೊಸಂಗಡಿಯ ಓದುಗರು)

ಮಾರ್ಗದರ್ಶಕರು ಸ್ಟೇಟಾದಲ್ಲಿ ತೆರೆಯುವುದರಿಂದ ಇದನ್ನು ತಿಳಿಸುವುದು ಅವಶ್ಯ. ಸ್ಟೇಟಾದಲ್ಲಿ ಖಾಲಿ ಮೌಲ್ಯವು ಎಲ್ಲ ಸಂಖ್ಯೆಗಳಿಗಿಂತಲೂ ದೊಡ್ಡದು. ಇಳುವರಿ 20 ಕ್ವಿಂಟಲಿಗಿಂತ ಹೆಚ್ಚಿರುವ ತೋಟಗಳನ್ನು ಆರಿಸಿದರೆ ಉತ್ತರವೇ ಇಲ್ಲದ ತೋಟಗಳೂ ಅದರಲ್ಲಿ ಸೇರಿಬಿಡುತ್ತವೆ. ಆರ್‌ನಲ್ಲಿ ಅದೇ ಹೋಲಿಕೆಗೆ ಬರುವ ಉತ್ತರವೂ ಖಾಲಿಯೇ. ಖಾಲಿಯ ಕಾರಣವನ್ನು ಬೇರ್ಪಡಿಸಲು ಸ್ಟೇಟಾದಲ್ಲಿ ಚುಕ್ಕಿಯ ಮುಂದೆ ಎ ಇಂದ ಝೆಡ್ ತನಕದ ಅಕ್ಷರಗಳಿವೆ: ಕೃಷಿಕರು ಹೇಳಲು ಒಪ್ಪದಿದ್ದರೆ ಒಂದು, ನಮೂನೆ ಓದಲಾಗದಿದ್ದರೆ ಇನ್ನೊಂದು. ಕೆಲಸವೆಲ್ಲ ಡೂ-ಫೈಲಿನ (ಸ್ಟೇಟಾದ ಆದೇಶಗಳ ಕಡತದ) ಮೂಲಕವೇ ನಡೆಯಲಿ, ಜೊತೆಗೆ ನಡೆದುದೆಲ್ಲ ದಾಖಲಾಗುವ ಲಾಗ್ ತೆರೆದಿರಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ: ನಮೂನೆಯ ಕಾಗದವೇ ಸಿಗದ ಸಾಲುಗಳಲ್ಲಿ 1.5 ಎಂದಿದ್ದರೆ, ಅದನ್ನು ಒಂದೂವರೆ ಎಕರೆ ಎನ್ನಬೇಕೇ, 1 ಎಕರೆ 5 ಸೆಂಟ್ಸ್ ಎನ್ನಬೇಕೇ?

ಉತ್ತರ (ಕುಂಬಳೆಯ ಸಂಖ್ಯಾಶಾಸ್ತ್ರ ಅಧ್ಯಾಪಕ)

ಮರಗಳ ಸಂಖ್ಯೆಯ ಕಾಲಮ್ಮು ಇದ್ದರೆ ಅದನ್ನು ನೋಡಿ. ಶಿಫಾರಸಿನ 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರಗಳು ಬರುವುದರಿಂದ, 820ರ ಆಸುಪಾಸಿನ ಸಂಖ್ಯೆ ಒಂದೂವರೆ ಎಕರೆಯತ್ತ, 580ರ ಆಸುಪಾಸಿನದು ಇನ್ನೊಂದರತ್ತ ಬೆರಳು ತೋರುತ್ತದೆ. ಆದರೆ ಹಳೆಯ ತೋಟಗಳಲ್ಲಿ ಅಂತರ ಒಂದೇ ಸಮನಾಗಿರುವುದಿಲ್ಲ, ಆದ್ದರಿಂದ ಇದು ಸೂಚನೆಯೇ ಹೊರತು ಪುರಾವೆಯಲ್ಲ. ಮೌಲ್ಯವನ್ನು ಬದಲಿಸದೆ ‘ಸಂದೇಹಾಸ್ಪದ’ ಎಂಬ ಗುರುತನ್ನು ಪಕ್ಕದ ಕಾಲಮ್ಮಿನಲ್ಲಿ ಹಾಕಿ, ಎಕರೆವಾರು ಇಳುವರಿಯನ್ನು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ, ಬರುವ ವ್ಯತ್ಯಾಸವನ್ನು ಪ್ರಬಂಧದಲ್ಲಿಯೇ ನಮೂದಿಸಿ.