ಉದುರದ ಕೂದಲಿನ ನಾಯಿ

"ಈ ಜಾತಿಯ ನಾಯಿ ಕೂದಲನ್ನೇ ಉದುರಿಸುವುದಿಲ್ಲ ಮೇಷ್ಟ್ರೇ" ಎಂದು ಬೆಳ್ಯಪ್ಪ ಘೋಷಿಸಿದ ಹೊತ್ತಿಗೆ, ಮೇಷ್ಟ್ರು ಪೂಣಚ್ಚನ ಮನೆಯ ಮುಂದಿನ ಜಗಲಿಯಾದ ಕೈಯಾಲೆಯಲ್ಲಿ ಕುಳಿತು ತಮ್ಮ ಬೆಲ್ಲದ ಕಾಫಿಯ ಲೋಟದಿಂದ ಬಿಳಿಯ ಕೂದಲೊಂದನ್ನು ಎರಡು ಬೆರಳುಗಳಲ್ಲಿ ಹಿಡಿದು ಎಳೆಯುತ್ತಿದ್ದರು. ಅದು ಪೂಣಚ್ಚನ ಹಸ್ಕಿಯ ಕೂದಲು. ಬೆಳ್ಯಪ್ಪನ ನಾಯಿ ಇನ್ನೂ ಬಂದಿರಲಿಲ್ಲ. ಹೋಮ್‌ಸ್ಟೇಗೆಂದು ಅವನು ಬೆಂಗಳೂರಿನಲ್ಲಿ ನೋಡಿ ಬಂದಿದ್ದ ಲ್ಯಾಬ್ರಡೂಡಲ್ ಮರಿಯ ಚಿತ್ರ ಮಾತ್ರ ಮೊಬೈಲಿನಲ್ಲಿ ಕೈಯಿಂದ ಕೈಗೆ ತಿರುಗುತ್ತಿತ್ತು.

"ಉದುರದಿದ್ದರೆ ಆ ಕೂದಲು ಎಲ್ಲಿಗೆ ಹೋಗುತ್ತದೆ?"

"ಎಲ್ಲಿಗೂ ಹೋಗುವುದಿಲ್ಲ. ಮೈಮೇಲೆಯೇ ಇರುತ್ತದೆ."

"ಬೆಳೆಯುತ್ತದೆಯೋ?"

"ಬೆಳೆಯದೆ ಇರುತ್ತದೆಯೇ?"

"ಹಾಗಾದರೆ ಎರಡು ವರ್ಷ ಕಳೆದ ಮೇಲೆ ಆ ಕೂದಲಿನೊಳಗೆ ನಾಯಿ ಎಲ್ಲಿದೆ ಎಂದು ಹುಡುಕಲು ನಿನ್ನ ಅತಿಥಿಗಳನ್ನೇ ಕಳುಹಿಸಬೇಕಾದೀತು. ಅದಕ್ಕೂ ಟ್ರೆಕ್ಕಿಂಗ್ ಎಂದು ಬೋರ್ಡು ಬರೆಸಿಡು."

ಪೂಣಚ್ಚ ಗಟ್ಟಿಯಾಗಿ ನಕ್ಕ. ಅವನು ನಗಬಾರದಿತ್ತು.

"ನಗಬೇಡ ಪೂಣಚ್ಚ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು ಉಣ್ಣುವ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಆಗಸ್ಟ್ 3ರಂದು ನಿನ್ನ ಮನೆಯಲ್ಲಿ ಉಂಡ ಪಾಯಸದಲ್ಲಿ ಹತ್ತೊಂಬತ್ತನೆಯದೂ ಇತ್ತು. ಪಾಯಸ ಕಡುನೇರಳೆಯಾದ್ದರಿಂದ ಬಿಳಿಯ ಔಷಧ ಬಹಳ ಸ್ಪಷ್ಟವಾಗಿ ಕಾಣಿಸುತ್ತಿತ್ತು."

"ಹಸ್ಕಿ ವರ್ಷಕ್ಕೆ ಎರಡೇ ಸಲ ಕೂದಲು ಉದುರಿಸುವುದು ಮೇಷ್ಟ್ರೇ. ಮಾರುವವನೇ ಮಗನಿಗೆ ಹಾಗೆ ಹೇಳಿದ್ದನಂತೆ."

"ಸತ್ಯವನ್ನೇ ಹೇಳಿದ್ದಾನೆ. ಒಂದೊಂದು ಸಲವೂ ಆರಾರು ತಿಂಗಳು ನಡೆಯುತ್ತದೆ ಎಂಬುದನ್ನು ಮಾತ್ರ ನಿನ್ನ ಮಗ ಕೇಳಲಿಲ್ಲ."

ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಯಾರೂ ಎದ್ದು ಹೋಗುವಂತಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು ಮೇಷ್ಟ್ರು ಪಾಠಕ್ಕೆ ಇಳಿದರು. ಸೈಬೀರಿಯಾದ ಈ ನಾಯಿಯ ಮೈಮೇಲೆ ಇರುವುದು ಒಂದು ಹೊದಿಕೆಯಲ್ಲ, ಎರಡು: ಚರ್ಮಕ್ಕೆ ಅಂಟಿಕೊಂಡು ಮೆತ್ತಗೆ, ದಟ್ಟವಾಗಿ ಬೆಳೆಯುವ ಒಳತುಪ್ಪಳ ಒಂದು, ಅದರ ಮೇಲೆ ಉದ್ದಕ್ಕೆ, ಒರಟಾಗಿ ಬೆಳೆದು ನೀರನ್ನೂ ಹಿಮವನ್ನೂ ಜಾರಿಸುವ ಹೊರಗೂದಲು ಇನ್ನೊಂದು. ಚಳಿಗಾಲ ಬಂತು, ಬೇಸಿಗೆ ಬಂತು ಎಂಬುದನ್ನು ಅದರ ದೇಹ ಮುಖ್ಯವಾಗಿ ಹಗಲಿನ ಉದ್ದದಿಂದ ಅರಿತು, ಅದಕ್ಕೆ ತಕ್ಕಂತೆ ಒಳತುಪ್ಪಳವನ್ನು ಕಳಚುತ್ತದೆ, ಮತ್ತೆ ತೊಡುತ್ತದೆ.

"ಅಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಅಜಗಜಾಂತರ. ನಮ್ಮದು 12 ಡಿಗ್ರಿ ಅಕ್ಷಾಂಶದ ಊರು. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಕಕ್ಕಡದಲ್ಲಂತೂ ಸೂರ್ಯನೇ ರಜೆ ಹಾಕಿರುತ್ತಾನೆ. ಪಾಪ, ಆ ನಾಯಿ ಯಾವ ಲೆಕ್ಕದಿಂದ ಋತುವನ್ನು ಗುರುತಿಸಬೇಕು? ಯಾವುದಕ್ಕೂ ಇರಲಿ ಎಂದು ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ ಉದುರಿಸುತ್ತಿದೆ."

"ಅದಕ್ಕೇ ನಾನು ಪೂರ್ತಿ ಬೋಳಿಸಿಬಿಡೋಣ ಎಂದದ್ದು" ಎಂದು ಪೂಣಚ್ಚ ಒಳಗಿದ್ದ ಹೆಂಡತಿ ಮುತ್ತಮ್ಮನಿಗೂ ಕೇಳಿಸುವಂತೆ ಹೇಳಿದ. "ಅದಕ್ಕೂ ಸೆಕೆ ತಪ್ಪುತ್ತದೆ."

"ಸೆಕೆ ತಪ್ಪುವುದಿಲ್ಲ ಮಾರಾಯ. ಚಳಿಯನ್ನು ತಡೆಯುವ ಹೊದಿಕೆಯೇ ಬಿಸಿಲನ್ನೂ ತಡೆಯುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ. ಸೆಕೆಯಲ್ಲಿ ಬಿಸಿಯನ್ನು ಹೆಚ್ಚಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಕಳೆಯಬೇಕು. ನೀನು ಮೈ ಬೋಳಿಸಿದರೆ ಅದರ ನಾಲಿಗೆಗೆ ಏನೂ ಸಹಾಯವಾಗುವುದಿಲ್ಲ, ಬಿಸಿಲು ನೇರವಾಗಿ ಚರ್ಮಕ್ಕೆ ಬೀಳುತ್ತದೆ. ಇಂಥ ನಾಯಿಗಳಲ್ಲಿ ಬೋಳಿಸಿದ ಕೂದಲು ಕೆಲವೊಮ್ಮೆ ತಿಂಗಳುಗಟ್ಟಲೆ ಹಿಂದಿರುಗುವುದಿಲ್ಲ. ಬಂದರೂ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಬರುತ್ತದೆ. ಆಮೇಲೆ ನೋಡಿದವರು ಇದಕ್ಕೆ ಕಜ್ಜಿ ಹಿಡಿದಿದೆ ಎಂದುಕೊಂಡು ನಿನ್ನ ಗೇಟಿನ ಒಳಗೆ ಬರುವುದಿಲ್ಲ. ಸತ್ತ ತುಪ್ಪಳವನ್ನು ಬಾಚಿ ತೆಗೆಯುವುದೊಂದೇ ದಾರಿ."

"ಬಾಚದೆ ಬಿಟ್ಟಿದ್ದೇನೆಯೇ? ಮೊನ್ನೆ ವಿರಾಜಪೇಟೆಯ ಮದುವೆಗೆ ಹೊರಟಾಗ ನನ್ನ ನಿಲುವಂಗಿ ಕುಪ್ಯ ನೋಡಿದಿರಲ್ಲ. ಕಪ್ಪು ಬಟ್ಟೆಯ ಮೇಲೆ ಇಡೀ ನಾಯಿಯೇ ಕುಳಿತಂತಿತ್ತು."

"ಅದಕ್ಕೆ ನಮ್ಮ ಪದ್ಧತಿಯಲ್ಲೇ ಪರಿಹಾರವಿದೆ. ಬಿಳಿಯ ಕುಪ್ಯ ತೊಟ್ಟರೆ ಕೂದಲು ಕಾಣಿಸುವುದಿಲ್ಲ. ಆದರೆ ಮದುವೆಯಲ್ಲಿ ಬಿಳಿಯ ಕುಪ್ಯ ಮದುಮಗನಿಗೆ ಮೀಸಲು. ಆದ್ದರಿಂದ ನೀನು ಇನ್ನೊಂದು ಮದುವೆಯಾಗಬೇಕು."

"ಆಗಲಿ, ಅಗತ್ಯವಾಗಿ ಆಗಲಿ" ಎಂದು ಮುತ್ತಮ್ಮ ಅಕ್ಕಿತರಿಯ ಉಂಡೆಗಳಾದ ಕಡುಬುಟ್ಟಿನ ತಟ್ಟೆ ಹಿಡಿದು ಹೊರಬಂದರು. "ಬರುವವಳಿಗೆ ಗುಡಿಸಲು ಬಂದರೆ ಸಾಕು."

ಬೆಳ್ಯಪ್ಪನಿಗೆ ಇದೇ ಸಮಯವೆನ್ನಿಸಿತು. "ಅಕ್ಕ, ನೀವೇ ಹೇಳಿ, ಈ ರಗಳೆಗಿಂತ ನನ್ನ ಡೂಡಲ್ ಮೇಲಲ್ಲವೇ? ಅಲರ್ಜಿ ಇರುವ ಅತಿಥಿಗಳಿಗೂ ತೊಂದರೆಯಿಲ್ಲ. ಅದಕ್ಕೆಂದೇ ಹುಟ್ಟಿಸಿದ ತಳಿ ಅದು."

"ಹುಟ್ಟಿಸಿದ್ದು ಅದಕ್ಕೇ" ಎಂದರು ಮೇಷ್ಟ್ರು. "1989ರಲ್ಲಿ ಆಸ್ಟ್ರೇಲಿಯಾದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ ಎಂಬವರಿಗೆ ಹವಾಯಿ ದ್ವೀಪದ ಒಬ್ಬ ಮಹಿಳೆಯಿಂದ ಕೋರಿಕೆ ಬಂತು. ಆಕೆಗೆ ಕಣ್ಣು ಕಾಣಿಸುತ್ತಿರಲಿಲ್ಲ, ಆಕೆಯ ಗಂಡನಿಗೆ ನಾಯಿಯೆಂದರೆ ಅಲರ್ಜಿ. ಲ್ಯಾಬ್ರಡಾರನ್ನೂ ಪೂಡಲನ್ನೂ ಕೂಡಿಸಿದಾಗ ಮೂರು ಮರಿಗಳಾದವು. ಅವುಗಳ ಕೂದಲನ್ನೂ ಜೊಲ್ಲನ್ನೂ ಹವಾಯಿಗೆ ಕಳುಹಿಸಿ ಪರೀಕ್ಷಿಸಿದರು. ಮೂರರಲ್ಲಿ ಎರಡು ಆ ಗಂಡನ ಮೈಗೆ ಒಗ್ಗಲಿಲ್ಲ, ಒಂದು ಮಾತ್ರ ಒಗ್ಗಿತು. ಒಂದೇ ಸೂಲಿನ ಅಣ್ಣತಮ್ಮಂದಿರ ಕಥೆಯೇ ಹೀಗಾದರೆ, ಜಾತಿಯ ಹೆಸರಿನಲ್ಲಿ ಬೆಂಗಳೂರಿನವನು ಕೊಡುವ ಭರವಸೆಗೆ ಎಷ್ಟು ಬೆಲೆ? ಸೀನು ತರಿಸುವುದು ಕೂದಲಲ್ಲ ಬೆಳ್ಯಪ್ಪ, ನಾಯಿಯ ಜೊಲ್ಲಿನಲ್ಲಿಯೂ ಚರ್ಮದ ಹೊಟ್ಟಿನಲ್ಲಿಯೂ ಇರುವ ಪ್ರೋಟೀನು. ಜೊಲ್ಲು ಸುರಿಸದ ನಾಯಿಯನ್ನು ಇನ್ನೂ ಯಾರೂ ಹುಟ್ಟಿಸಿಲ್ಲ. ಡೂಡಲುಗಳ ಹುಚ್ಚು ಲೋಕವಿಡೀ ಹಬ್ಬಿದ್ದನ್ನು ಕಂಡು ಆ ಕಾನ್ರನ್ನರೇ ಮುಂದೆ ಪಶ್ಚಾತ್ತಾಪಪಟ್ಟರು."

"ಅಲರ್ಜಿಯ ಮಾತು ಬಿಡಿ. ಗುಡಿಸುವ ಕೆಲಸವಾದರೂ ಉಳಿಯುತ್ತದಲ್ಲ?"

"ಮರಿ ಲ್ಯಾಬ್ರಡಾರನ್ನು ಹೋತರೆ ಅದೂ ಉಳಿಯುವುದಿಲ್ಲ. ಗಿಡ್ಡ ಕೂದಲಿನ ನಾಯಿ ಉದುರಿಸುವುದಿಲ್ಲ ಎಂದು ನಂಬಿ ಲ್ಯಾಬ್ರಡಾರ್ ತಂದವರನ್ನು ಕೇಳಿ ನೋಡು. ಅದಕ್ಕೂ ಒಳತುಪ್ಪಳವಿದೆ, ಗಿಡ್ಡ ಕೂದಲು ಸೋಫಾದ ಬಟ್ಟೆಗೆ ನೆಟ್ಟುಕೊಂಡರೆ ಕೀಳಲು ಆಗುವುದಿಲ್ಲ. ಪೂಡಲನ್ನು ಹೋತರೆ ಕಥೆ ಬೇರೆ. ಆ ಕೂದಲು ಬಹುಕಾಲ ಬೆಳೆಯುತ್ತಲೇ ಇರುತ್ತದೆ, ಬಿದ್ದ ನಾಲ್ಕು ಎಳೆಯೂ ನೆಲಕ್ಕೆ ಬಾರದೆ ಗುಂಗುರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಗಂಟು ಬಿದ್ದು, ಗಂಟಿಗೆ ಗಂಟು ಸೇರಿ ಜಡೆಗಟ್ಟಿ, ನಡೆದಾಗಲೆಲ್ಲ ಚರ್ಮವನ್ನು ಜಗ್ಗುತ್ತದೆ. ಅದರ ಅಡಿಯಲ್ಲಿ ಕಕ್ಕಡದ ನೀರು ನಿಂತರೆ ಹುಣ್ಣಾಗುತ್ತದೆ. ದಿನ ಬಿಟ್ಟು ದಿನ ಬುಡದವರೆಗೂ ಬಾಚಬೇಕು, ಒಂದೂವರೆ ತಿಂಗಳಿಗೊಮ್ಮೆಯಾದರೂ ಕತ್ತರಿಸಬೇಕು. ಉದುರುವ ಕೂದಲಿಗೆ ಪೊರಕೆ ಬೇಕು, ಉದುರದ ಕೂದಲಿಗೆ ಕತ್ತರಿ ಬೇಕು. ಪೊರಕೆ ನಿನ್ನ ಮನೆಯಲ್ಲೇ ಇದೆ. ಕತ್ತರಿ ಹಿಡಿಯುವವನು ಮೈಸೂರಿನಲ್ಲಿದ್ದಾನೆ, ನಡುವೆ ರಸ್ತೆ ಕುಸಿದಿರುತ್ತದೆ."

"ನಾನೇ ತೊಳೆದು ಡ್ರೈಯರ್ ಹಿಡಿಯುತ್ತೇನೆ."

"ಕರೆಂಟು?"

ಬೆಳ್ಯಪ್ಪ ಸುಮ್ಮನಾದ. ಮರ ಬಿದ್ದು ಲೈನು ಹರಿದು ಅವನ ಹೋಮ್‌ಸ್ಟೇಗೆ ಆಗ ಮೂರು ದಿನಗಳಿಂದ ಕರೆಂಟು ಇರಲಿಲ್ಲ; ಮೊಬೈಲು ಚಾರ್ಜು ಮಾಡಿಕೊಳ್ಳಲೆಂದೇ ಅವನು ಪೂಣಚ್ಚನ ಮನೆಗೆ ಬಂದಿದ್ದ.

"ಹಾಗಿದ್ದರೆ ನಮ್ಮದೇ ಮುಧೋಳ ನಾಯಿಯನ್ನು ತರುತ್ತೇನೆ" ಎಂದು ಸ್ವಲ್ಪ ಹೊತ್ತಿನ ಮೇಲೆ ಅವನು ದೇಶಾಭಿಮಾನಿಯಾದ. "2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ."

"ಬಾಗಲಕೋಟೆಯ ಬಯಲಿಗೆ ಅದರಷ್ಟು ಒಪ್ಪುವ ನಾಯಿ ಇನ್ನೊಂದಿಲ್ಲ. ನುಣುಪಾದ ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬಿಲ್ಲ. ವಾರಕ್ಕೊಮ್ಮೆ ರಬ್ಬರಿನ ಗವಸು ಹಾಕಿ ಉಜ್ಜಿದರೆ ಮುಗಿಯಿತು. ಆದರೆ ಇಲ್ಲಿನ ಮಳೆಗೆ ಅದು ಗಡಗಡ ನಡುಗುತ್ತದೆ. ಅದಕ್ಕೆ ಕಂಬಳಿ ಹೊಲಿಸಬೇಕು, ಆ ಕಂಬಳಿಯ ಕೂದಲು ಉದುರುತ್ತದೆ."

ಮಾತು ಅಲ್ಲಿಂದ ಕುಟುಂಬಗಳ ಮೂಲಮನೆಗಳಾದ ಹಳೆಯ ಐನ್‌ಮನೆಗಳ ನಾಯಿಗಳಿಗೆ ಹೊರಳಿತು. ಬೇಟೆಯ ಕಾಲದ ಆ ನಾಯಿಗಳಿಗೆ ತಳಿಯ ಪ್ರಮಾಣಪತ್ರವಿರಲಿಲ್ಲ, ಬಾಚಣಿಗೆಯಂತೂ ಇರಲೇ ಇಲ್ಲ. ಉಣ್ಣಿ ಕೂತರೆ ಕೈಗೆ ಸಿಗುವಷ್ಟು ಗಿಡ್ಡ ಕೂದಲು, ಜಿಗಣೆ ಹತ್ತಿದರೆ ಕಣ್ಣಿಗೆ ಕಾಣಿಸುವಷ್ಟು ತೆಳು ಮೈ. ಉದುರಿದ್ದು ಅಂಗಳದಲ್ಲೇ ಉದುರುತ್ತಿತ್ತು. ನಾಯಿ ಸೋಫಾ ಏರದಿದ್ದ ಕಾಲದಲ್ಲಿ ಕೂದಲಿನ ಲೆಕ್ಕವನ್ನು ಯಾರೂ ಇಟ್ಟವರಲ್ಲ ಎಂಬ ಮೇಷ್ಟ್ರ ಮಾತನ್ನು ನಾವೂ ಒಪ್ಪಬೇಕಾಗುತ್ತದೆ.

"ಒಂದೇ ಒಂದು ಕೂದಲೂ ಉದುರದ ನಾಯಿ ಕೊಡಗಿನಲ್ಲಿಯೂ ಇದೆ ಬೆಳ್ಯಪ್ಪ" ಎಂದು ಮೇಷ್ಟ್ರು ಧ್ವನಿ ತಗ್ಗಿಸಿದರು. "ಬಾಚುವುದು ಬೇಡ, ತೊಳೆಯುವುದು ಬೇಡ, ಅತಿಥಿಗಳನ್ನು ಕಚ್ಚುವುದೂ ಇಲ್ಲ."

"ಎಲ್ಲಿ?"

"ಅಯ್ಯಪ್ಪನ ದೇವರಕಾಡಿನಲ್ಲಿ. ಹರಕೆಯವರು ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ನಿಂತಿವೆ. ಆದರೆ ಅಲ್ಲಿಂದ ಏನನ್ನೂ ತರುವಂತಿಲ್ಲ."

ಎಲ್ಲರೂ ನಕ್ಕರು. ಮುತ್ತಮ್ಮ ಮಾತ್ರ ಮೆಟ್ಟಿಲಿನ ಮೇಲೆ ಕುಳಿತು ಹಸ್ಕಿಯ ತೊಡೆಯ ಹಿಂಭಾಗವನ್ನು ತಂತಿಯ ಬಾಚಣಿಗೆಯಿಂದ ಬಾಚತೊಡಗಿದ್ದರು. ಕೂದಲನ್ನು ಎಡಗೈಯಿಂದ ಮೇಲಕ್ಕೆ ಎತ್ತಿ ಹಿಡಿದು, ಅಡಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಬಂದಂತೆ ಬೂದು ಬಣ್ಣದ ತುಪ್ಪಳ ಮುದ್ದೆಮುದ್ದೆಯಾಗಿ ಹೊರಬರುತ್ತಿತ್ತು. ನಾಯಿ ಅರೆಗಣ್ಣು ಮುಚ್ಚಿತ್ತು.

"ಫ್ಲ್ಯಾಟಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲವೆಂದು ಮಗ ಇದನ್ನು ಇಲ್ಲಿ ಬಿಟ್ಟುಹೋದ" ಎಂದು ಅವರು ಯಾರಿಗೆಂದಿಲ್ಲದೆ ಹೇಳಿದರು. "ಹುತ್ತರಿಗೆ ಬಂದು ಹೋದ ಮೇಲೆ ಫೋನ್ ಮಾಡಿದ್ದ. ಎರಡು ಸಲ ಒಗೆದರೂ ಅಂಗಿಯಲ್ಲಿ ಇದರ ಕೂದಲು ಸಿಗುತ್ತಲೇ ಇದೆ ಅಮ್ಮ, ಎಂದ. ಸಿಗಲಿ ಬಿಡು, ಎಂದೆ."

ಮೇಷ್ಟ್ರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಅವರು ಕಡುಬುಟ್ಟನ್ನು ಮುರಿಯುವುದರಲ್ಲಿ ಮಗ್ನರಾದರು. ಕಡೆಗೆ ಪೂಣಚ್ಚನೇ ಬಾಯಿಬಿಟ್ಟ: "ಅಷ್ಟಕ್ಕೂ ಬೆಳ್ಯಪ್ಪ, ನೀನಿನ್ನೂ ಮರಿಯನ್ನು ತಂದಿಲ್ಲವಲ್ಲ. ಬೇಡವೆಂದು ಹೇಳಿಬಿಡು."

"ಮುಂಗಡ ಕೊಟ್ಟಾಗಿದೆ. ಅದನ್ನು ಹಿಂದಿರುಗಿಸುವುದಿಲ್ಲವಂತೆ."

"ಅಂದರೆ ಅವನ ಕೈಗೆ ಸೇರಿದ್ದು ಉದುರುವುದಿಲ್ಲ" ಎಂದು ಮೇಷ್ಟ್ರು ಚೇತರಿಸಿಕೊಂಡರು. "ಆ ಮಟ್ಟಿಗೆ ಜಾಹೀರಾತು ನಿಜ."

ಬೆಳ್ಯಪ್ಪ ಅವರತ್ತ ನೋಡದೆ ಮುತ್ತಮ್ಮನ ಕಡೆಗೆ ತಿರುಗಿ, ಆ ಬಾಚಣಿಗೆ ಎಲ್ಲಿ ಸಿಗುತ್ತದೆ ಎಂದು ಕೇಳಿದ.

"ಗೋಣಿಕೊಪ್ಪದಲ್ಲಿ. ಎರಡು ತೆಗೆದುಕೊ, ಒಂದರ ಹಲ್ಲು ಮೊದಲ ವಾರವೇ ಉದುರುತ್ತದೆ."